ಇಪ್ಪತ್ತೆಂಟು ಹೊಲಿಗೆ

ನನ್ನ ಓರಗಿತ್ತಿಯನ್ನು, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿಯನ್ನು, ಎಲ್ಲರೂ ಕಾಜಾ ಅಕ್ಕ ಅನ್ನುತ್ತಿದ್ದರು. ಗುಂಡಿ ತೂರಿಸುವ ತೂತಿನ ಸುತ್ತ ದಾರ ಸುತ್ತಿ ಹೊಲಿಯುತ್ತಾರಲ್ಲ, ಅದೇ ಕಾಜಾ. ಅವಳು ಹೊಲಿದ ಕೋಟು ಹಳೆಯದಾಗಿ, ಹರಿದು, ನೆಲ ಒರೆಸುವ ಬಟ್ಟೆಯಾದರೂ ಕಾಜಾ ಮಾತ್ರ ಹೊಸದರ ಹಾಗೇ ಕೂತಿರುತ್ತಿತ್ತು. ಅವಳು ಹೋಗಿ ಆರು ವರ್ಷವಾಯಿತು. ಇಷ್ಟು ವರ್ಷ ಮನೆಯಲ್ಲಿ ಯಾರಿಗೂ ಹೇಳದ ಒಂದು ಸಂಗತಿ ಇದೆ. ಅದನ್ನು ಬರೆದಿಡೋಣ ಎಂದು ಕೂತಿದ್ದೇನೆ.

ಓದು ಬರಹ ಅವಳಿಗೆ ಬರುತ್ತಿರಲಿಲ್ಲ. ನಾನು ಮೂರನೇ ಕ್ಲಾಸಿನವರೆಗೆ ಹೋದವಳು. ಅಂಗಡಿ ಬೋರ್ಡು, ತಾರೀಕು, ಬಸ್ಸಿನ ನಂಬರು ಓದುತ್ತಿದ್ದೆ; ಹೀಗೆ ಉದ್ದಕ್ಕೆ ಬರೆಯಲು ಕಲಿತದ್ದು ಎಷ್ಟೋ ವರ್ಷದ ಮೇಲೆ. ಅತ್ತೆ ಬಂದವರ ಮುಂದೆಲ್ಲ "ನಮ್ಮ ಚಿಕ್ಕ ಸೊಸೆ ಓದಿದವಳು" ಎಂದರೆ ನನಗೆ ಒಳಗೊಳಗೇ ಹಿಗ್ಗು. ಅಕ್ಕ ಅಡುಗೆಮನೆಯಿಂದಲೇ, "ಹೌದೌದು, ಓದಿದವಳು. ಒಲೆ ಹಚ್ಚೋಕೆ ಅರ್ಧ ಬೆಂಕಿಪೊಟ್ಟಣ ಬೇಕು" ಎನ್ನುತ್ತಿದ್ದಳು. ಆದರೆ ನನ್ನ ಕೈಗೆ ಸೂಜಿ ಕೊಟ್ಟು, ಹೆಬ್ಬೆರಳಿಗೆ ಚುಚ್ಚಿಕೊಂಡಾಗಲೆಲ್ಲ ಬೈದು, ಕೆಲಸ ಕಲಿಸಿ, ತನ್ನ ಜೊತೆ ಕರೆದುಕೊಂಡು ಹೋದದ್ದೂ ಅವಳೇ.

ನಾವು ಕೆಲಸ ಮಾಡುತ್ತಿದ್ದದ್ದು ಟೈರ್ ಅಂಗಡಿಯ ಹಿಂದಿನ ಒಂದು ಉದ್ದನೆಯ ತಗಡಿನ ಶೆಡ್ಡಿನಲ್ಲಿ. ಆಸ್ಪತ್ರೆಗಳಿಗೆ ಬಿಳಿ ಕೋಟು ಹೊಲಿಯುವ ಜಾಗ. ಎರಡು ಸಾಲು ಮಿಷನ್ನು, ನಡುವೆ ಬಟ್ಟೆ ಕತ್ತರಿಸುವ ಮೇಜು, ಕಿಟಕಿಯ ಕೆಳಗೆ ನಮ್ಮಿಬ್ಬರ ಗಿಡ್ಡ ಬೆಂಚು. ಮನೆಯಿಂದ ರೈಲಿನಲ್ಲಿ ನಾಲ್ಕು ಸ್ಟೇಷನ್ ದೂರ. ಬೆಳಗಿನ ಮೊದಲನೇ ಗಾಡಿ ಹಿಡಿದರೆ ಏಳಕ್ಕೆ ಮೊದಲೇ ಬಾಗಿಲಲ್ಲಿರುತ್ತಿದ್ದೆವು.

ಆ ಬಾಗಿಲಿನ ಬೀಗದ ಕೈ ಅಕ್ಕನ ಹತ್ತಿರ ಇತ್ತು. ಮೊದಲು ಮಾಲೀಕರೇ ಬಂದು ತೆಗೆಯುತ್ತಿದ್ದರು. ಮೊಣಕಾಲು ಕೈಕೊಟ್ಟ ಮೇಲೆ ಒಂದು ದಿನ ಎಲ್ಲರ ಎದುರಿಗೆ ಅದನ್ನು ಅವಳ ಅಂಗೈಯಲ್ಲಿಟ್ಟು, "ಈ ಮೂವತ್ತು ಜನರಲ್ಲಿ ಒಂದು ದಿನವೂ ತಪ್ಪಿಸದೆ ಬಂದವಳು ನೀನೊಬ್ಬಳೇ" ಎಂದಿದ್ದರು. ಅಕ್ಕ ಅದನ್ನು ದಪ್ಪ ಕಪ್ಪು ದಾರಕ್ಕೆ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಸ್ನಾನಕ್ಕೆ ಹೋದಾಗ ಸೋಪಿನ ಡಬ್ಬಿಯ ಮೇಲಿಡುತ್ತಿದ್ದಳು, ಅಷ್ಟೇ. ಭಾವ ತಮಾಷೆ ಮಾಡಿದರು:

"ಏನಿವಳು, ಖಜಾನೆ ಕೀಲಿ ಸಿಕ್ಕೋರ ಥರ!"

"ನಿಮ್ಮನ್ನ ನಂಬಿ ಯಾರಾದ್ರೂ ಒಂದು ಕೊಡೆ ಕೊಟ್ಟಿದಾರಾ ಇಲ್ಲೀವರೆಗೆ?"

ನಮ್ಮ ಮನೆಯ ಬೀಗದ ಕೈ ಅತ್ತೆಯ ಹತ್ತಿರ, ಕಪಾಟಿನದು ಭಾವನ ಹತ್ತಿರ. ಅಕ್ಕನ ಪಾಲಿಗೆ ಅಂತ ಜಗತ್ತಿನಲ್ಲಿ ಒಂದು ಬಾಗಿಲಿದ್ದರೆ ಅದು ಆ ತಗಡಿನ ಶೆಡ್ಡಿನದೇ.

ಇನ್ನು ರೈಲಿನ ಪಾಸಿನ ವಿಷಯ. ತಿಂಗಳ ಪಾಸಿಗೆ ಅವಳು ಒಂದು ಬಟ್ಟೆಯ ಚೀಲ ಹೊಲಿದುಕೊಂಡಿದ್ದಳು. ಹೊಸ ಪಾಸಿನಲ್ಲಿ ಮೊದಲ ದಿನ ಹೋಗಿಬಂದ ಸಂಜೆ ಆ ಚೀಲದ ಅಂಚಿಗೆ ಕೆಂಪು ದಾರದ ಒಂದು ಹೊಲಿಗೆ. ಮರುದಿನ ಸಂಜೆ ಇನ್ನೊಂದು. ಭಾನುವಾರವೂ ಬಿಡುತ್ತಿರಲಿಲ್ಲ. ಮೂವತ್ತು ಹೊಲಿಗೆಯಾದ ಸಂಜೆ ಸ್ಟೇಷನ್ನಿಗೆ ಹೋಗಿ ಹೊಸ ಪಾಸು ತಂದು, ಹಳೆಯ ದಾರವನ್ನೆಲ್ಲ ಬಿಚ್ಚಿ ಮರುದಿನದಿಂದ ಮತ್ತೆ ಒಂದರಿಂದ ಶುರು. ನಾನು ಒಂದೆರಡು ಸಲ, "ಅಕ್ಕಾ, ತಾರೀಕು ನಾನು ಓದಿ ಹೇಳ್ತೀನಿ, ಇದೆಲ್ಲ ಯಾಕೆ?" ಎಂದಿದ್ದೆ. "ನೀನು ಮರೀತೀಯ. ದಾರ ಮರೆಯಲ್ಲ" ಎಂದಳು. ಅಲ್ಲಿಗೆ ಬಿಟ್ಟೆ. ನಾಲ್ಕು ವರ್ಷ ಹೀಗೇ ನಡೆಯಿತು. ಅಷ್ಟು ಬೆಳಿಗ್ಗೆ ನಮ್ಮ ಗಾಡಿಯಲ್ಲಿ ಪಾಸು ಕೇಳುವವರೂ ಅಪರೂಪ.

ಆ ದಿನ ಮಾತ್ರ ಕೇಳಿದರು. ಮಾರ್ಚ್ ತಿಂಗಳು, ಹೊರಗೆ ಇನ್ನೂ ಕತ್ತಲೆ. ಹೆಂಗಸರ ಡಬ್ಬಿಯಲ್ಲಿ ನಮ್ಮ ಶೆಡ್ಡಿನವರೇ ಏಳೆಂಟು ಜನ. ನಾನು ಕಿಟಕಿಯ ಪಕ್ಕ, ನನ್ನ ಪಕ್ಕ ಅಕ್ಕ. ಕರಿ ಕೋಟಿನ ಚೆಕಿಂಗಿನವನು ನನ್ನ ಪಾಸು ನೋಡಿ ವಾಪಸು ಕೊಟ್ಟ. ನಾನು ಹಿಂದಿನ ತಿಂಗಳು ಜ್ವರ ಬಂದು ಮನೆಯಲ್ಲಿ ಮಲಗಿದ್ದವಳು, ನನ್ನದು ತಡವಾಗಿ ತೆಗೆಸಿದ ಪಾಸು. ಅಕ್ಕನದನ್ನು ದೀಪಕ್ಕೆ ಹಿಡಿದು ನೋಡಿದ.

"ಇದು ಮುಗಿದಿದೆಯಲ್ಲಮ್ಮ."

"ಇಲ್ಲ ಸ್ವಾಮಿ, ಇನ್ನೂ ಎರಡು ಬಾಕಿ ಇದೆ."

"ಏನು ಎರಡು?"

"ಹೊಲಿಗೆ. ಎಣಿಸಿ ಬೇಕಾದ್ರೆ, ಇಪ್ಪತ್ತೆಂಟು."

"ನಾನು ತಾರೀಕು ಕೇಳಿದ್ರೆ ನೀನು ಹೊಲಿಗೆ ತೋರಿಸ್ತೀಯಾ?"

"ತಾರೀಕು ನೀವು ಬರೆದಿದ್ದು, ಹೊಲಿಗೆ ನಾನು ಹಾಕಿದ್ದು. ನಾನು ಒಂದು ದಿನವೂ ತಪ್ಪಿಸಿಲ್ಲ."

"ಅಮ್ಮಾ, ಇದು ಫೆಬ್ರವರೀಲಿ ತಗೊಂಡಿದ್ದು. ಆ ತಿಂಗಳಿಗೆ ಇಪ್ಪತ್ತೆಂಟೇ ದಿನ. ನಿನ್ನೆಗೆ ಮುಗೀತು."

"ಎರಡು ದಿನ ಕಡಿಮೆ ಮಾಡಿದ್ದು ಯಾರು?"

ಎದುರು ಸೀಟಿನಲ್ಲಿದ್ದ, ನಮ್ಮಲ್ಲಿ ಕಾಲರ್ ಹೊಲಿಯುವವಳು, ಕಿಸಕ್ಕನೆ ನಕ್ಕಳು. ಅವಳ ಹಿಂದೆ ಉಳಿದವರೂ ನಕ್ಕರು. ಚೆಕಿಂಗಿನವನಿಗೆ ತನ್ನನ್ನೇ ನೋಡಿ ನಕ್ಕರು ಎನಿಸಿತೋ ಏನೋ, ದನಿ ಬಿಗಿಯಾಯಿತು. "ದಂಡ ಕಟ್ಟು, ಇಲ್ಲ ಇಳಿ. ಕೋರ್ಟಿಗೆ ಹೋಗಿ ಅಲ್ಲಿ ಕೇಳು ಯಾರು ಕಡಿಮೆ ಮಾಡಿದ್ದು ಅಂತ. ಜೊತೆಗೆ ಯಾರಾದ್ರೂ ಇದಾರಾ ನಿನಗೆ?"

ಇಲ್ಲಿಂದ ಮುಂದಿನದನ್ನು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ. ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ. ಅಷ್ಟು ಜನ ನಗುತ್ತಿದ್ದಾಗ "ನಾನಿದೀನಿ" ಎನ್ನಲು ಬಾಯಿ ಬರಲಿಲ್ಲ. ಓದಿದ ಸೊಸೆ, ಟಿಕೆಟ್ಟಿಲ್ಲದೆ ಸಿಕ್ಕಿಬಿದ್ದವಳ ಮನೆಯವಳು ಅನ್ನಿಸಿಕೊಳ್ಳಬೇಕಲ್ಲ ಎಂದು ಮೈಯೆಲ್ಲ ಹಿಡಿಯಾಯಿತು. ಹೊರಗೆ ಕತ್ತಲೆ, ಏನೂ ಕಾಣುತ್ತಿರಲಿಲ್ಲ. ಕಿಟಕಿಯ ಗಾಜಿನಲ್ಲಿ ಕಂಡದ್ದು ಒಳಗಿನದೇ. ಅಕ್ಕ ನನ್ನ ಬೆನ್ನನ್ನು ನೋಡಿದಳು. ಅವಳ ಕೈ ಸೊಂಟದ ಬೀಗದ ಕೈಗೆ ಹೋಯಿತು, ಅಲ್ಲೇ ಸ್ವಲ್ಪ ಹೊತ್ತು ನಿಂತಿತು. ನಾನು ತಿರುಗಿದ್ದರೆ ಕೊಡುತ್ತಿದ್ದಳು. ತಿರುಗಲಿಲ್ಲ. ಕೈ ಕೆಳಗಿಳಿಯಿತು.

"ಇಲ್ಲ ಸ್ವಾಮಿ, ನಾನೊಬ್ಬಳೇ. ಒಂದೇ ಒಂದು ಉಪಕಾರ ಮಾಡಿ, ಮೂವತ್ತು ಜನ ಬಾಗಿಲಲ್ಲಿ ನಿಂತಿರ್ತಾರೆ. ಹೋಗಿ ಬೀಗ ತೆಗೆದು ಬಂದುಬಿಡ್ತೀನಿ. ಆಮೇಲೆ ಎಲ್ಲಿಗೆ ಬೇಕಾದ್ರೂ ಕರ್ಕೊಂಡು ಹೋಗಿ."

"ಎಲ್ಲರೂ ಹೇಳೋದು ಇದನ್ನೇ. ಇಳೀಮ್ಮ."

ಅವಳು ಊಟದ ಡಬ್ಬಿ ಹಿಡಿದುಕೊಂಡು ಇಳಿದಳು.

ಶೆಡ್ಡಿನ ಮುಂದೆ ನಾವೆಲ್ಲ ಸಾಲಾಗಿ ನಿಂತೆವು. ಒಂಬತ್ತಕ್ಕೆ ಕೋಟಿನ ಗಂಟು ಒಯ್ಯಲು ಲಾರಿ ಬರಬೇಕಿತ್ತು, ಇನ್ನೂ ನಲವತ್ತು ಕೋಟಿಗೆ ಕಾಜಾ ಬಾಕಿ. ಮಾಲೀಕರು ಕೋಲೂರಿಕೊಂಡು ಬಂದರು.

"ಎಲ್ಲಿ ಅವಳು?"

"ಟಿಕೆಟ್ ಇಲ್ದೆ ಸಿಕ್ಕಾಕ್ಕೊಂಡ್ಲು, ಇಳಿಸಿಕೊಂಡು ಹೋದ್ರು" ಎಂದಳು ಕಾಲರಿನವಳು.

"ಯಾರು? ಕಾಜಾ ಅಕ್ಕನಾ?" ಮಾಲೀಕರು ನನ್ನ ಕಡೆ ತಿರುಗಿದರು. "ನೀನು ಅದೇ ಮನೆಯವಳಲ್ಲವಾ? ಕೀ ಯಾಕೆ ಇಸ್ಕೊಂಡು ಬರಲಿಲ್ಲ?"

ಟೈರ್ ಅಂಗಡಿಯವನು ಕಬ್ಬಿಣದ ಸಲಾಕೆ ತಂದು ಬೀಗ ಒಡೆದ. ಲಾರಿ ಅರ್ಧದಷ್ಟು ಗಂಟು ಮಾತ್ರ ತುಂಬಿಕೊಂಡು ಹೋಯಿತು. ಮಧ್ಯಾಹ್ನ ಹೊಸ ಬೀಗ ಬಂತು. ಮಾಲೀಕರು ಅದರ ಬೀಗದ ಕೈಯನ್ನು ನನ್ನ ಮುಂದೆ ಹಿಡಿದು, "ನೀನಿಟ್ಕೋ. ನಿನಗೆ ಓದೋಕಾದ್ರೂ ಬರುತ್ತೆ" ಎಂದರು. ಬೇಡ ಎನ್ನಬಹುದಿತ್ತು. ಕೈ ಚಾಚಿದೆ.

ಆ ಹೊತ್ತಿಗೆ ಅಕ್ಕ ಏನು ಮಾಡುತ್ತಿದ್ದಳು ಎಂಬುದನ್ನು ಅವಳೇ ಆಮೇಲೆ ಭಾವನಿಗೆ ಹೇಳಿದ್ದನ್ನು ಕೇಳಿ ಬರೆಯುತ್ತಿದ್ದೇನೆ. ಸ್ಟೇಷನ್ನಿನ ಪಕ್ಕದ ಕೋರ್ಟಿನಲ್ಲಿ ಮ್ಯಾಜಿಸ್ಟ್ರೇಟು ಒಬ್ಬ ಹೆಂಗಸು. ತಪ್ಪು ಒಪ್ಪಿಕೊಳ್ಳುತ್ತೀಯಾ ಎಂದು ಕೇಳಿದಳಂತೆ.

"ಇಪ್ಪತ್ತೆಂಟೇ ದಿನ ಅಂತ ಗೊತ್ತಾದ ಮೇಲೆ ಒಪ್ಪದೆ ಇನ್ನೇನು ಮಾಡ್ಲಿ ತಾಯಿ? ಹಂಗಾದ್ರೆ ಹೋದ ಮೂರು ವರ್ಷವೂ ಎರಡೆರಡು ದಿನ ಬಿಟ್ಟಿ ಬಂದಿದೀನಿ. ಅದನ್ನೂ ಬರ್ಕೊಳ್ಳಿ."

ಗುಮಾಸ್ತನಿಗೆ ಏನನಿಸಿತೋ, "ಮೂವತ್ತೊಂದು ದಿನದ ತಿಂಗಳಲ್ಲಿ ಏನು ಮಾಡ್ತಿದ್ದೆ?" ಎಂದನಂತೆ.

"ಅದಕ್ಕೂ ಮೂವತ್ತೇ ಹೊಲಿಗೆ. ಆದ ತಕ್ಷಣ ಹೊಸದು."

ಅವನು ಬೆರಳ ಗೆಣ್ಣಿನ ಮೇಲೆ ತಿಂಗಳು ಎಣಿಸಿ, "ವರ್ಷಕ್ಕೆ ಏಳು ದಿನ ನೀನೇ ರೈಲಿನವರಿಗೆ ಬಿಟ್ಟುಕೊಟ್ಟಿದೀಯಲ್ಲಮ್ಮ!" ಎಂದಾಗ ಕೋರ್ಟೆಲ್ಲ ನಕ್ಕಿತಂತೆ. ಮ್ಯಾಜಿಸ್ಟ್ರೇಟಮ್ಮ ಕರವಸ್ತ್ರದಲ್ಲಿ ಬಾಯಿ ಒತ್ತಿಕೊಂಡು, "ಏನು ಮಾಡೋದು, ಕಾನೂನಿಗೆ ಹೊಲಿಗೆ ಲೆಕ್ಕ ಬರಲ್ಲ. ದಂಡ ಕಟ್ಟಿ, ಇಲ್ಲದಿದ್ರೆ ಸಂಜೆ ಕೋರ್ಟು ಏಳೋವರೆಗೆ ಇಲ್ಲೇ ಕೂತಿರಿ" ಎಂದಳಂತೆ. ಅಕ್ಕನ ಹತ್ತಿರ ಕಟ್ಟಲು ಏನಿತ್ತು? ಕೂತಳು. ಚೀಲದಲ್ಲಿದ್ದ ಸೂಜಿ ತೆಗೆದು ಸೆರಗಿನ ಅಂಚು ಹೊಲಿಯಲು ಹೋದರೆ ಹೆಂಗಸು ಪೊಲೀಸು ಬಂದು ಸೂಜಿ ಕಿತ್ತುಕೊಂಡಳು, ಚೂಪು ವಸ್ತು ಇಟ್ಟುಕೊಳ್ಳುವಂತಿಲ್ಲ ಎಂದು.

"ಸಂಜೆವರೆಗೆ ಖಾಲಿ ಕೈಯಲ್ಲಿ ಕೂರಿಸಿದ್ರು ಕಣ್ರೀ" ಎಂದಳು ಭಾವನಿಗೆ. "ಹುಟ್ಟಿದಾಗಿನಿಂದ ಅಷ್ಟು ಹೊತ್ತು ಸುಮ್ಮನೆ ಕೂತಿರಲಿಲ್ಲ. ನನ್ನ ಕೈ ನನಗೇ ಯಾರದೋ ಅನ್ನಿಸಿಬಿಡ್ತು."

ಅತ್ತೆ, ಭಾವ ಎದ್ದು ಹೋದ ಮೇಲೆ ನಾವಿಬ್ಬರೇ ಉಳಿದೆವು. ಅವಳು ಸೊಂಟದಿಂದ ಹಳೆಯ ಬೀಗದ ಕೈ ಬಿಚ್ಚಿ ನನ್ನ ಕಡೆ ಸರಿಸಿದಳು. ನಾನು ಮೆಲ್ಲಗೆ, "ಬೀಗ ಒಡೆದ್ರು ಅಕ್ಕಾ. ಹೊಸದರ ಕೀ ನನ್ನ ಹತ್ರ ಕೊಟ್ಟಿದಾರೆ" ಎಂದೆ.

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಒಂದೇ ಮಾತು ಕೇಳಿದಳು.

"ಅಷ್ಟು ಕತ್ತಲಲ್ಲಿ ಕಿಟಕಿ ಹೊರಗೆ ಏನು ಕಾಣ್ತಿತ್ತೇ ನಿನಗೆ?"

ಮರುದಿನದಿಂದ ಎಲ್ಲವೂ ಮೊದಲಿನ ಹಾಗೇ. ಒಂದೇ ಗಾಡಿ, ಒಂದೇ ಬೆಂಚು, ಒಂದೇ ದಾರದುಂಡೆ. ಆದರೆ ಡಬ್ಬಿ ಹತ್ತಿದ ಕೂಡಲೇ, "ಕೂತ್ಕೋ, ಕಿಟಕಿ ಪಕ್ಕ ನಿನಗೇ. ನಿನಗೆ ಹೊರಗೆ ನೋಡೋದು ಇಷ್ಟ ಅಲ್ವಾ?" ಎನ್ನುವಳು. ಬೇಡವೆಂದರೂ ಬಿಡುತ್ತಿರಲಿಲ್ಲ. ಶೆಡ್ಡಿನ ಬಾಗಿಲಲ್ಲಿ ನಾನು ಬೀಗದ ಕೈ ಅವಳ ಮುಂದೆ ಹಿಡಿದರೆ ಊಟದ ಡಬ್ಬಿಯನ್ನು ಈ ಕೈಯಿಂದ ಆ ಕೈಗೆ ಬದಲಿಸಿಕೊಂಡು ಬೇರೆ ಕಡೆ ನೋಡುವಳು. ಹೊಸ ಬೀಗ ಬಿಗಿ. ನಾನು ಎರಡೂ ಕೈಯಿಂದ ತಿರುವಿ ಒದ್ದಾಡುವಾಗ ಕಾಲರಿನವಳು ಸಹಾಯಕ್ಕೆ ಬಂದರೂ ಅವಳು ಬರುತ್ತಿರಲಿಲ್ಲ.

ಎಂಟು ಹತ್ತು ದಿನ ತಡೆದೆ. ಆಮೇಲೆ ಮಾಲೀಕರ ಮೇಜಿನ ಮುಂದೆ ಹೋಗಿ ನಿಂತು ಇದ್ದದ್ದು ಇದ್ದ ಹಾಗೆ ಹೇಳಿದೆ. ನಾನು ಪಕ್ಕದಲ್ಲೇ ಇದ್ದೆ, ಮುಖ ತಿರುಗಿಸಿದೆ, ಇಲ್ಲದಿದ್ದರೆ ಬಾಗಿಲು ಹೊತ್ತಿಗೆ ಸರಿಯಾಗಿ ತೆಗೆಯುತ್ತಿತ್ತು, ಇದು ಅಕ್ಕನಿಗೇ ಸೇರಬೇಕು, ಎಂದು. ಅವರು ಕನ್ನಡಕ ತೆಗೆದು ಒರೆಸಿದರು.

"ನೀವು ನೀವು ಮನೇಲಿ ಏನಾದ್ರೂ ಮಾಡ್ಕೊಳ್ಳಿ. ಕೋರ್ಟಿನ ಬೆಂಚಲ್ಲಿ ಕೂತು ಬಂದವಳ ಕೈಗೆ ನಾನು ಕೀ ಕೊಟ್ಟೆ ಅಂತ ನಾಳೆ ನಾಲ್ಕು ಜನ ಮಾತಾಡ್ತಾರೆ. ನನಗೆ ಏಳಕ್ಕೆ ಬಾಗಿಲು ತೆಗೆದಿರಬೇಕು, ಅಷ್ಟೇ."

ನಾನು ಹೀಗೆ ಹೋಗಿ ಹೇಳಿದ್ದು ಅಕ್ಕನಿಗೆ ಗೊತ್ತಾಯಿತು. ಶೆಡ್ಡಿನಲ್ಲಿ ಯಾವ ಮಾತು ತಾನೇ ಮುಚ್ಚಿಡಲು ಆಗುತ್ತದೆ? ಆ ಸಂಜೆ ನನ್ನ ತಟ್ಟೆಗೆ ಕೇಳದೆಯೇ ಎರಡನೇ ಸಲ ಬಡಿಸಿದಳು. ಕಿಟಕಿಯ ಮಾತು ಮಾತ್ರ ನಿಲ್ಲಲಿಲ್ಲ.

ಹೀಗೇ ವರ್ಷ ತಿರುಗಿತು. ಮತ್ತೆ ಫೆಬ್ರವರಿಯಲ್ಲಿ ತೆಗೆಸಿದ ಪಾಸು. ನಾನು ಒಳಗೊಳಗೇ ದಿನ ಎಣಿಸುತ್ತಿದ್ದೆ. ಬಾಯಿಬಿಟ್ಟು ಹೇಳಲು ಧೈರ್ಯವಿಲ್ಲ, ಹೇಳದಿದ್ದರೆ ಮತ್ತೆ ಅದೇ ಗತಿ. ಇಪ್ಪತ್ತೇಳನೇ ಹೊಲಿಗೆಯ ಸಂಜೆ ನನಗೆ ಊಟ ಸೇರಲಿಲ್ಲ. ಮರುದಿನ ಸಂಜೆ ಹೇಗಾದರೂ ಹೇಳಿಯೇಬಿಡೋಣ ಎಂದು ಪಾತ್ರೆ ತೊಳೆದು ಒಳಗೆ ಬಂದರೆ, ಅಕ್ಕ ಇಪ್ಪತ್ತೆಂಟನೆಯದನ್ನು ಹಾಕಿ, ದಾರ ಹಲ್ಲಿನಲ್ಲಿ ಕಡಿದು, ಚೀಲದಿಂದ ಪಾಸು ತೆಗೆದು ನನ್ನ ಮುಂದಿಟ್ಟಳು.

"ಓದು. ಏನಿದೆ ಅದರಲ್ಲಿ?"

ಓದಿದೆ. "ಇವತ್ತಿಗೆ ಮುಗಿಯುತ್ತೆ ಅಕ್ಕಾ."

"ಸರಿಯಾಗಿ ನೋಡು."

"ನೋಡಿದೆ. ಇವತ್ತೇ."

"ಹಂಗಾದ್ರೆ ಚಪ್ಪಲಿ ಹಾಕ್ಕೋ, ಸ್ಟೇಷನ್ನಿಗೆ ಹೋಗಿ ಬರೋಣ. ಇನ್ಮೇಲೆ ಪ್ರತಿ ತಿಂಗಳೂ ನೀನು ನೋಡಿ ಹೇಳು. ಹೊಲಿಗೆ ನಾನು ಬಿಡಲ್ಲ, ಅದು ಬೇರೆ. ನೀನು ಮರೆತ್ರೆ ಇರಲಿ ಅಂತ."

ಮರುದಿನ ಬೆಳಿಗ್ಗೆ ಗಾಡಿ ಬಂತು. ನಾನು ಅಭ್ಯಾಸದಂತೆ ಕಿಟಕಿಯ ಕಡೆ ಸರಿದೆ. ಅಕ್ಕ ನನ್ನ ಭುಜ ಹಿಡಿದು ಈಚೆ ಎಳೆದಳು.

"ಸರಿಯೇ ಆ ಕಡೆ. ವರ್ಷವೆಲ್ಲ ನೋಡಿದ್ದು ಸಾಲದಾ? ಇವತ್ತು ನಾನು ಕೂರ್ತೀನಿ."

ಕೂತಳು. ನಾಲ್ಕು ಸ್ಟೇಷನ್ನೂ ಹೊರಗೇ ನೋಡುತ್ತಿದ್ದಳು. ಇಳಿಯುವಾಗ, "ಏನೂ ಕಾಣಲ್ವಲ್ಲೇ!" ಎಂದಳು.

ಗಾಡಿ ಇಳಿದ ಉಳಿದವರನ್ನು ಹಿಂದೆ ಬಿಟ್ಟು ಅಕ್ಕ ನನ್ನನ್ನು ದಾಪುಗಾಲಿನಲ್ಲಿ ನಡೆಸಿದ್ದಳು, ಶೆಡ್ಡಿನ ಮುಂದೆ ಇನ್ನೂ ಯಾರೂ ಬಂದಿರಲಿಲ್ಲ. ಅಕ್ಕ ಊಟದ ಡಬ್ಬಿಯನ್ನು ಮೆಟ್ಟಿಲ ಮೇಲಿಟ್ಟು ನನ್ನ ಕಡೆ ಅಂಗೈ ಚಾಚಿದಳು. "ತಾ" ಎಂದಳು. ಕೊಟ್ಟೆ. ನಾನು ವರ್ಷವೆಲ್ಲ ಒದ್ದಾಡಿದ ಬೀಗ ಅವಳ ಕೈಗೆ ಒಂದೇ ಸಲಕ್ಕೆ ತೆಗೆದುಕೊಂಡಿತು. ಬಾಗಿಲು ನೂಕಿ, ಬೀಗದ ಕೈಯನ್ನು ವಾಪಸು ನನ್ನ ಅಂಗೈಗೆ ಹಾಕಿದಳು.

"ಹಿಡಿ. ಹೆಸರಿಗೆ ನಿನ್ನ ಹತ್ರವೇ ಇರಲಿ. ಆ ಮುದುಕನ ಮಾತೂ ಉಳಿಯುತ್ತೆ."

ಆಮೇಲೆ ಕಣ್ಣು ಮಂಜಾಗಿ ಅವಳು ಕೆಲಸ ಬಿಡುವವರೆಗೆ, ಒಂಬತ್ತು ವರ್ಷ, ಉಳಿದವರು ಬರುವ ಮೊದಲೇ ಆ ಬಾಗಿಲನ್ನು ದಿನವೂ ತೆಗೆದವಳು ಅವಳೇ. ಮಾಲೀಕರಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಏಳಕ್ಕೆ ಬಾಗಿಲು ತೆಗೆದಿರುತ್ತಿತ್ತು, ಅವರು ಕೇಳಿದ್ದೂ ಅಷ್ಟೇ.