ಜಾಮೀನಿಲ್ಲದ ಬೀಗರ ಹಾಡು

ಮಗಳ ಮದುವೆಗೆ ಇನ್ನೊಂದು ವಾರವಿದೆ ಎನ್ನುವಾಗ ನಮ್ಮ ಯಜಮಾನರು ಬೆಳಗಿನ ಪೇಪರನ್ನು ಮಡಿಸಿಕೊಂಡು ಅಡುಗೆಮನೆಗೆ ಬಂದರು. ಅದನ್ನು ಕೊತ್ತಂಬರಿ ಸೊಪ್ಪಿನ ಪಕ್ಕದಲ್ಲಿಟ್ಟು, ಬೆರಳಿನಿಂದ ಒಂದು ಸುದ್ದಿಯನ್ನು ತಟ್ಟಿದರು. ದ್ವೇಷದ ಮಾತಿಗೆ ವರ್ಷಗಟ್ಟಲೆ ಜೈಲು, ಜಾಮೀನೂ ಇಲ್ಲ ಎನ್ನುವ ಹೊಸ ಮಸೂದೆ.

"ಅಮ್ಮನಿಗೆ ನೀನೇ ಹೇಳ್ಬಿಡು. ಈ ಸಲ ಬೀಗರ ಹಾಡು ಬೇಡ."

ನಮ್ಮ ಕಡೆ ಮದುವೆಯಲ್ಲಿ ಗಂಡಿನವರು ಊಟಕ್ಕೆ ಕೂತಾಗ ಹೆಣ್ಣಿನ ಕಡೆ ಹೆಂಗಸರು ಅವರನ್ನು ಹಾಸ್ಯ ಮಾಡಿ ಹಾಡುವುದುಂಟು. ಬೀಗರ ಹೊಟ್ಟೆ, ಬೀಗಿತ್ತಿಯ ಬಿಂಕ, ಯಾವುದನ್ನೂ ಬಿಡುವಂತಿಲ್ಲ. ಮನೆತನದ ಎಲ್ಲ ಮದುವೆಗಳಲ್ಲೂ ಹಾಡಿದವರು ನಮ್ಮ ಅತ್ತೆ. ಪ್ರತಿ ಬೀಗರಿಗೂ ಹೊಸ ಹಾಡು. ನಿಶ್ಚಿತಾರ್ಥದ ದಿನದಿಂದ ಅವರೆಕಾಳು ಬಿಡಿಸುತ್ತಾ ಮೊಮ್ಮಗಳ ಮದುವೆಯ ಹಾಡು ಕಟ್ಟುತ್ತಿದ್ದರು. ಗಂಟಲು ಮೂರನೇ ಸಾಲಿಗೇ ಒಡೆಯುತ್ತಿತ್ತು. "ಇದೊಂದು ಹಾಡ್ಬಿಟ್ರೆ ಸಾಕು ಕಣೇ, ಆಮೇಲೆ ಬಾಯಿಗೆ ಪೆನ್ಷನ್," ಎನ್ನುತ್ತಿದ್ದರು.

ಯಜಮಾನರ ಭಯಕ್ಕೆ ಇನ್ನೊಂದು ಕಾರಣವಿತ್ತು. ಬೀಗರು ನಿವೃತ್ತ ಪೊಲೀಸ್ ಇನ್ಸ್‌ಪೆಕ್ಟರ್. ಅವರಿಗಿಂತ ಮೊದಲು ಅವರ ಮೀಸೆ ಮನೆಯೊಳಗೆ ಬರುತ್ತದೆ.

ಮೆತ್ತಗೆ ಮಾತಾಡುವವಳು ಎಂದು ಇಂಥ ಕೆಲಸಗಳೆಲ್ಲ ನನ್ನ ಪಾಲಿಗೇ ಬರುತ್ತವೆ. ಕಾನ್ವೆಂಟಿನಲ್ಲಿ ಓದಿದವಳು ನಾನು. ಸಿಸ್ಟರ್ "ಫಿಂಗರ್ ಆನ್ ಲಿಪ್ಸ್" ಎಂದರೆ, ಬೆಲ್ ಹೊಡೆದ ಮೇಲೂ ಬೆರಳು ತೆಗೆಯುತ್ತಿರಲಿಲ್ಲ.

ಅತ್ತೆ ಎಲ್ಲವನ್ನೂ ಕೇಳಿದರು. ಒಂದು ಅವರೆಕಾಯಿ ಬಿಡಿಸಿ, ಒಳಗಿದ್ದ ಹುಳುವನ್ನು ಆಚೆ ಹಾಕಿದರು.

"ದ್ವೇಷ ಅಂದ್ರೆ ಯಾವುದಂತೆ?"

"ಯಾರದಾದ್ರೂ ಮನಸ್ಸಿಗೆ ನೋವಾಗೋ ಹಾಗೆ ಮಾತಾಡಿದ್ರೆ... ಅಂಥದ್ದೇನೋ, ಅತ್ತೆ."

"ನೋವಾಯ್ತು ಅಂತ ಅಳೆಯೋರ್ಯಾರು?"

ನನಗೆ ಕ್ಲಾಸಿನ ಕರಿಹಲಗೆ ನೆನಪಾಯಿತು. ಟೀಚರ್ ಇಲ್ಲದಾಗ ಮಾತಾಡಿದವರ ಹೆಸರನ್ನು ಲೀಡರ್ ಅದರ ಮೇಲೆ ಬರೆಯುತ್ತಿದ್ದಳು. ಅವಳಿಗೆ ಹುಣಸೆಹಣ್ಣು ಕೊಡದವರ ಹೆಸರು ಮೊದಲು ಬೀಳುತ್ತಿತ್ತು. ಟಿವಿಯಲ್ಲಿ ವಿಷ ಕಾರುವವರನ್ನು ಕಂಡರೆ ನನಗೂ ಮೈ ಉರಿಯುತ್ತದೆ, ಅಂಥವರನ್ನು ಹಿಡಿಯಲಿ. ಆದರೆ ಚಾಕ್‌ಪೀಸು ಯಾರ ಕೈಯಲ್ಲಿರುತ್ತದೆ? ಸಿವಿಕ್ಸ್‌ನಲ್ಲಿ ವಾಕ್ ಸ್ವಾತಂತ್ರ್ಯವನ್ನು ಉರು ಹೊಡೆದು ಪೂರ್ತಿ ಮಾರ್ಕ್ಸ್ ತಗೊಂಡಿದ್ದೆ. ಅತ್ತೆಯ ಪ್ರಶ್ನೆ ಪರೀಕ್ಷೆಯಲ್ಲಿ ಬಂದಿರಲಿಲ್ಲ.

ಸಂಜೆ ಯಜಮಾನರೇ ರಾಜಿಗೆ ಬಂದರು.

"ಹಾಡಮ್ಮ, ಆದ್ರೆ ಮೀಸೆ ತೆಗಿ."

"ತೆಗೆಯೋಕೆ ನಾನೇನು ಕ್ಷೌರದವಳೇನೋ?"

"ಹೊಟ್ಟೇನೂ ಬೇಡ. ನಿಶ್ಚಿತಾರ್ಥದಲ್ಲಿ ಬೀಗಿತ್ತಿ ಲಾಡು ಚೀಲಕ್ಕೆ ಹಾಕ್ಕೊಂಡಿದ್ದಂತೂ ಬೇಡವೇ ಬೇಡ, ಅದು ಕಳ್ಳತನದ ಆರೋಪ."

"ಇನ್ನೇನೋ ಉಳೀತು?"

"ಬೀಗರು ಬಂದರು, ಊಟ ಮಾಡಿದರು, ಸಂತೋಷವಾಗಿ ಹೋದರು."

"ಇದು ಹಾಡಲ್ಲ ಕಣೋ, ಪಂಚನಾಮೆ!"

ಅಂದಿನಿಂದ ಅತ್ತೆ ಮನೆಯಲ್ಲಿ ಗುನುಗುವುದನ್ನೂ ನಿಲ್ಲಿಸಿದರು. ಕುಕ್ಕರಿನ ಸೀಟಿಯೊಂದೇ ಕೇಳುವ ಮನೆ ಎಷ್ಟು ಭಣಭಣ ಎನ್ನುತ್ತದೆಂದು ನನಗೆ ಆಗಲೇ ಗೊತ್ತಾಗಿದ್ದು.

ಮದುವೆ ಜಯನಗರದ ಒಂದು ಛತ್ರದಲ್ಲಿ. ಬೀಗರ ಪಂಕ್ತಿ ಕೂತಿತು. ಕೋಸಂಬರಿ ಬಂತು, ಪಲ್ಯ ಬಂತು, ಸಾರೂ ಬಂತು. ಅತ್ತೆ ರೇಷ್ಮೆ ಸೀರೆಯಲ್ಲಿ ಕಂಬಕ್ಕೊರಗಿ ಕೂತು, ಬಾಯಿಗೆ ಒಂದು ಲವಂಗ ಹಾಕಿಕೊಂಡಿದ್ದರು. ಹಾಡುವ ಮುಂಚೆ ಗಂಟಲಿಗೆಂದು ಹಾಕಿಕೊಳ್ಳುವ ಲವಂಗ.

ಹೋಳಿಗೆ ಬಡಿಸುವಾಗ ಬೀಗಿತ್ತಿ ಎಲೆ ಬಿಟ್ಟು ಎದ್ದೇಬಿಟ್ಟರು. ಯಜಮಾನರ ಮುಖ ಬಿಳಿಚಿತು.

ಬೀಗಿತ್ತಿ ಸೀದಾ ಅತ್ತೆಯ ಹತ್ತಿರ ಬಂದು, "ಏನಮ್ಮ, ನಮ್ಮನ್ನ ಆಡ್ಕೊಳ್ಳೋಕೂ ನಾವು ಲಾಯಕ್ಕಿಲ್ವಾ? ನಿಮ್ಮ ಹಾಡು ಅಂದ್ರೆ ಹಾಡು ಅಂತ ಕೇಳಿ, ನಮ್ಮ ನಾದಿನೀರೆಲ್ಲ ಉತ್ತರ ಕಟ್ಕೊಂಡು ಬಂದಿದಾರೆ. ಹೀಗೆ ಸಾವಿನ ಮನೆ ಥರ ಊಟ ಹಾಕ್ತೀರಲ್ಲ!" ಎಂದರು. ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

ಯಜಮಾನರು ಕೈಮುಗಿದು ಮಸೂದೆಯ ವಿಷಯ ತೊದಲಿದರು. ಇನ್ಸ್‌ಪೆಕ್ಟರ್ ಬೀಗರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ ಕೇಳಿಸಿಕೊಂಡರು.

"ಹೆದರಬೇಡಿ ಬೀಗರೇ, ನಾನು ರಿಟೈರ್ಡು. ಸರ್ವೀಸಲ್ಲಿದ್ದಿದ್ರೆ ಹೆದರ್ಬಹುದಿತ್ತು," ಎಂದು ನಕ್ಕರು. ಆಮೇಲೆ ದನಿ ತಗ್ಗಿಸಿ, "ಸೆಕ್ಷನ್ ಅಗಲವಾಗಿದ್ರೆ ಯಾರನ್ನ ಬೇಕಾದ್ರೂ ಒಳಗೆ ಕೂರಿಸ್ಬಹುದು. ಕೂರಿಸಿರೋದನ್ನ ನೋಡಿದೀನಿ. ಅದಕ್ಕೇ ಹೇಳ್ತಿದೀನಿ, ಅದು ಜಾರಿಗೆ ಬರೋ ಮುಂಚೆ ಇವತ್ತೇ ಹಾಡ್ಬಿಡಿ ಅಮ್ಮ," ಎಂದರು.

ಅತ್ತೆ ಲವಂಗ ಕಚ್ಚಿದರು.

"ಬೀಗರ ಮೀಸೆ ನೋಡಿರೇ, ಬಾಗಿಲ ತೋರಣ ನೋಡಿರೇ,
ಸಾರಿನ ತಪ್ಪಲೆ ಒಳಗೆ ಸ್ನಾನವ ಮಾಡಿತು ನೋಡಿರೇ..."

ಮೂರನೇ ಸಾಲಿಗೆ ದನಿ ಒಡೆಯಿತು. ಆ ಸಾಲನ್ನು ಬೀಗಿತ್ತಿಯ ಕಡೆಯವರೇ ಹಿಡಿದು, ನಮ್ಮ ಯಜಮಾನರ ಬೋಳುತಲೆಗೆ ತಿರುಗಿಸಿಬಿಟ್ಟರು. ಬೀಗರು ನಕ್ಕ ಹೊಡೆತಕ್ಕೆ ಮೀಸೆ ನಿಜವಾಗಿಯೂ ದೊನ್ನೆಯ ಸಾರಿನಲ್ಲಿ ಮುಳುಗಿತು.

ತಿಂಗಳಾದ ಮೇಲೆ ಮದುವೆ ವೀಡಿಯೊ ಬಂತು. ಅತ್ತೆ ಕನ್ನಡಕ ಒರೆಸಿಕೊಂಡು ಟಿವಿ ಮುಂದೆ ಕೂತರು. ಊಟದ ಭಾಗ ಬಂದಾಗ ಎಲ್ಲರ ಬಾಯೂ ಆಡುತ್ತಿತ್ತು, ಸದ್ದು ಮಾತ್ರ ಇಲ್ಲ.

"ಸೌಂಡ್ ಕೊಡೋ."

ಯಜಮಾನರು ಸೀಲಿಂಗ್ ನೋಡಿದರು. "ತೆಗೆಸಿಬಿಟ್ಟೆ ಅಮ್ಮ. ಯಾರಾದ್ರೂ ವಾಟ್ಸಾಪ್‌ಗೆ ಹಾಕಿಬಿಟ್ರೆ ಅಂತ."

ಅತ್ತೆ ಟಿವಿಯಲ್ಲಿ ತಮ್ಮದೇ ಬಾಯಿ ಆಡುವುದನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಅದಕ್ಕೆ ಸರಿಯಾಗಿ ಹಾಡತೊಡಗಿದರು, ಮೀಸೆಯಿಂದ ಶುರುಮಾಡಿ.

ಯಜಮಾನರು ಎದ್ದು ಹೋಗಿ ರಸ್ತೆ ಕಡೆಯ ಕಿಟಕಿ ಹಾಕಿದರು. ನಾನು ಹೋಗಿ ತೆಗೆದೆ.

"ಸೆಕೆ," ಎಂದೆ, ಮೆತ್ತಗೆ.