ಬೆಲ್ಲದ ಗೋಡೆಯ ಗೃಹಪ್ರವೇಶ

ಮನುಷ್ಯ ಕೊನೆಗೆ ಮಣ್ಣಿಗೇ ಸೇರಬೇಕು ಎಂದು ಹಿರಿಯರು ಹೇಳಿದ್ದಾರೆ. ಅದಕ್ಕೂ ಮುಂಚೆಯೇ ಹೋಗಿ ಮಣ್ಣಿನ ಮನೆಯಲ್ಲಿ ಕೂತ್ಕೋ ಅಂತ ಅವರ್ಯಾರೂ ಹೇಳಿರಲಿಲ್ಲ. ಅದು ನನ್ನದೇ ತಲೆ.

ಪೀಣ್ಯದ ಕೆಲಸದಿಂದ ನಿವೃತ್ತನಾದ ಮೇಲೆ ಮಾಕಳಿಯ ನಮ್ಮ ಸೈಟಿನಲ್ಲಿ ಮನೆ ಎಬ್ಬಿಸಿದೆ. ಕೆಡವಿದ ಮನೆಗಳ ಬಾಗಿಲು ಕಿಟಕಿ, ಕಾರ್ಖಾನೆಯವರು ಎಸೆದ ಪ್ಯಾಲೆಟ್ ಹಲಗೆಯ ಅಟ್ಟ, ಸೂರಿನ ಮೇಲೆ ಸೋಲಾರ್, ಅಂಗಳದಲ್ಲಿ ಮಳೆನೀರಿನ ತೊಟ್ಟಿ. ಕಂಬದಿಂದ ಕರೆಂಟು ಎಳೆಸಲಿಲ್ಲ. ಒಂದು ಚಿಟಿಕೆ ಸಿಮೆಂಟನ್ನೂ ಮುಟ್ಟುವುದಿಲ್ಲ ಎಂದು ಬಾಗಲಗುಂಟೆಯ ನಮ್ಮ ಅಪಾರ್ಟ್‌ಮೆಂಟಿನ ತುಂಬ ಸಾರಿಯೂ ಆಗಿತ್ತು.

ಹೆಂಡತಿಯದು ಒಂದೇ ಷರತ್ತು. “ರೀ, ಒಳಗೋಡೆಗೆ ಸೊಂಟದ ಮಟ್ಟದ ತನಕ ಸಿಮೆಂಟ್ ಗಾರೆ ಮಾಡ್ಸಿ, ಬರ್ತೀನಿ. ಇಲ್ಲಾಂದ್ರೆ ನೀವೂ ನಿಮ್ಮ ಮಣ್ಣೂ ಅಲ್ಲಿರಿ, ನಾನು ಇಲ್ಲೇ ಇರ್ತೀನಿ.”

ತತ್ವ ಬಿಡಲಾದೀತೇ? ಮಣ್ಣಿಗೆ ಒಣಹುಲ್ಲು, ಅಳಲೆಕಾಯಿ ನೀರು, ಬೆಲ್ಲದ ನೀರು ಬೆರೆಸಿ, ಕೊಳೆಹಾಕಿ, ಗೋಡೆಗೆ ಮೆತ್ತಿಸಿದೆ. ಕಲ್ಲಿನಂತಾಗುತ್ತದೆ ನೋಡು ಎಂದು ಅವಳಿಗೆ ಮಾತು ಕೊಟ್ಟೆ. ಆಗುತ್ತಿತ್ತು, ಒಣಗಲು ಬಿಟ್ಟಿದ್ದರೆ. ಆಷಾಢ ಬರುವುದರೊಳಗೆ ಹಾಲುಕ್ಕಿಸಲೇಬೇಕೆಂದು ಅಯ್ಯನವರು ಮುಹೂರ್ತ ಇಟ್ಟರು. ಬಂದ ನೆಂಟರೆಲ್ಲ ಹಸಿಗೋಡೆಗೆ ಬೆರಳು ಒತ್ತಿ ನೋಡಿ, ಅದೇ ಬೆರಳನ್ನು ಹೊಸ ಪರದೆಗೆ ಒರೆಸಿದರು.

ಮೊದಲು ಹಸು ಒಳಗೆ ಕಾಲಿಡಬೇಕಲ್ಲ. ಹೊಲವೆಲ್ಲ ಗೋಡೌನಾದರೂ ಒಂದು ಹಸು ಉಳಿಸಿಕೊಂಡಿದ್ದ ಊರ ಗೌಡರು ಅದನ್ನು ಹೊಡೆದುಕೊಂಡು ಬಂದರು. ಹಸು ಗಂಭೀರವಾಗಿ ಹೊಸ್ತಿಲು ದಾಟಿ, ಹಾಲ್‌ನ ಗೋಡೆ ಮೂಸಿ, ನೆಕ್ಕಲು ಶುರುಮಾಡಿತು. ಆಮೇಲೆ ಹುಲ್ಲಿನ ಎಳೆ ಕಚ್ಚಿ ಜಗ್ಗಿತು. ರೊಟ್ಟಿಯಗಲದ ಗಾರೆ ದೊಪ್ಪನೆ ನೆಲಕ್ಕೆ ಬಿತ್ತು.

“ಸಾರ್, ಬೆಲ್ಲ ಆಕಿದ್ದೀರಾ?” ಗೌಡರು ಕೇಳಿದರು.

“ಹೌದು.”

“ಉಲ್ಲೂವಾ?”

“ಹೌದು ಮಾರಾಯರೆ, ಮೊದಲು ಎಳೀರಿ ಅದನ್ನ.”

“ಇಂಗ್ ಬಡಿಸಿ ಕೂರ್ಸಿ ಈಗ ಎದ್ದೇಳು ಅಂದ್ರೆ ಎಂಗೆ ಸಾರ್?”

ಅವರು ಹಗ್ಗಕ್ಕೆ ಕೈ ಹಾಕುವಷ್ಟರಲ್ಲಿ ಅಯ್ಯನವರು ತಡೆದರು. ಗೋಮಾತೆ ತಾನಾಗಿ ಸ್ವೀಕರಿಸುತ್ತಿದ್ದಾಳೆ, ಅಡ್ಡಿ ಮಾಡಬಾರದು, ಇಂಥ ಶುಭ ಎಲ್ಲರಿಗೂ ಸಿಗುವುದಿಲ್ಲ. ಹೀಗಾಗಿ ನಾನು ಕೈಮುಗಿದುಕೊಂಡು ನಿಂತೆ, ಹಸು ನನ್ನ ಹಾಲ್ ತಿಂದಿತು. ಒಂದು ಗೋಡೆ ಮುಗಿಸಿ ಪಕ್ಕದ್ದಕ್ಕೂ ಹೋಯಿತು.

ಹಾಲಿನ ಪಾತ್ರೆ ಹಿಡಿದು ನಿಂತಿದ್ದ ಹೆಂಡತಿ, ಗಾರೆ ಕಿತ್ತುಹೋದ ಗೋಡೆಯ ಪಕ್ಕಕ್ಕೆ ಬಂದು, ಸೊಂಟಕ್ಕೆ ಒಂದು ಕೈ ಇಟ್ಟು ಹಸು ತಿಂದ ಎತ್ತರದ ಅಳತೆ ನೋಡಿದಳು.

“ನಾ ಹೇಳಿದ್ದೂ ಇಷ್ಟೇ ಎತ್ತರ ಕಣ್ರೀ.”

ಸೊಂಟದ ಮಟ್ಟದವರೆಗೆ ಸಿಮೆಂಟ್ ಗಾರೆಯಾಯಿತು. ಶ್ರಾವಣದಲ್ಲಿ ಹೆಂಡತಿ ಬಂದಳು.