ವಾಷರಣ್ಣ ಕಂಡ ತಿಳಿನೀರು

ನಲ್ಲಿ ರಿಪೇರಿ ಮಾಡುವ ಅವನನ್ನು ಊರೆಲ್ಲ ವಾಷರಣ್ಣ ಎಂದೇ ಕರೆಯುತ್ತಿತ್ತು. ಯಾವ ಮನೆಗೆ ಹೋದರೂ ನಲ್ಲಿಯನ್ನು ಒಮ್ಮೆ ತಿರುಗಿಸಿ, "ವಾಷರ್ ಹೋಗಿದೆ" ಅನ್ನುತ್ತಿದ್ದ. ಹತ್ತರಲ್ಲಿ ಒಂಬತ್ತು ಸಲ ಅದು ನಿಜವೂ ಆಗಿರುತ್ತಿತ್ತು.

ಮನೆಯಲ್ಲಿ ಅವನು, ಅವನ ಅಕ್ಕ, ಇಬ್ಬರೇ. ಫೋನು ಅಕ್ಕನ ಕೈಯಲ್ಲಿ. ಯಾರ ಮನೆಯಲ್ಲಿ ಏನು ಸೋರುತ್ತಿದೆ ಎಂಬುದು ಅವಳ ನಾಲಿಗೆಯ ತುದಿಯಲ್ಲಿ. ಅವಳು ಹೇಳಿದ ಕಡೆಗೆ ಇವನು ಸೈಕಲ್ ತುಳಿಯುತ್ತಿದ್ದ.

ಮೂರು ವಾರದಿಂದ ಅಕ್ಕನಿಗೆ ತಲೆನೋವು. ಸಂಜೆಯಾದರೆ ಮೈ ಬೆಚ್ಚಗೆ. ಊಟ ಸೇರದು. ಬಟ್ಟೆಗಳು ಮೈಮೇಲೆ ನೇತಾಡತೊಡಗಿದವು. "ವಯಸ್ಸಾಯ್ತಲ್ಲಕ್ಕ, ಎಲ್ಲೋ ವಾಷರ್ ಸಡಿಲ ಆಗಿರ್ಬೇಕು" ಎಂದ ತಮ್ಮ. ಅಕ್ಕ ಚೊಂಬು ಎಸೆದಳು. ಎಸೆಯುವ ಶಕ್ತಿ ಇದೆಯಲ್ಲ ಎಂದು ಇವನು ನೆಮ್ಮದಿಯಾಗಿದ್ದ.

ಒಂದು ಬೆಳಿಗ್ಗೆ ಅಕ್ಕ ಅವನನ್ನು ನಿವೃತ್ತ ಮೇಷ್ಟ್ರ ಮನೆಗೆ ಓಡಿಸಿದಳು.

"ನಮ್ಮ ನಲ್ಲಿ ಚೆನ್ನಾಗೇ ಇದೆಯಲ್ಲೋ!" ಎಂದರು ಮೇಷ್ಟ್ರು.

"ಇಲ್ಲ ಸಾರ್, ಅಕ್ಕ ಹೇಳಿದ್ಳು."

"ನಾನು ಫೋನೇ ಮಾಡಿಲ್ಲ ಮಾರಾಯ!"

ಅಕ್ಕ ಹೇಳಿದ ಮೇಲೆ ಕೆಟ್ಟಿರಲೇಬೇಕು ಎಂದು ಇವನು ಬಿಚ್ಚಿಯೇಬಿಟ್ಟ. ಬಿಚ್ಚಿದ ಮೇಲೆ ನಿಜವಾಗಿಯೂ ಕೆಟ್ಟಿತು.

ಮನೆಗೆ ಬಂದರೆ ಅಕ್ಕ ಬಚ್ಚಲಲ್ಲಿ ವಾಂತಿ ಮಾಡಿಕೊಂಡು ಕೂತಿದ್ದಳು. ಇವನನ್ನು ಮೇಲಿಂದ ಕೆಳಗೆ ನೋಡಿ, "ಯಾರಪ್ಪಾ ನೀನು? ನನ್ನ ತಮ್ಮ ಕೆಲಸಕ್ಕೆ ಹೋಗಿದಾನೆ, ಕೂತ್ಕೋ" ಎಂದಳು.

ವಾಷರಣ್ಣ ಕೈಯಲ್ಲಿದ್ದ ಸ್ಪ್ಯಾನರನ್ನು ಜೇಬಿಗೆ ತುರುಕಿ ಹೊರಗೆ ಓಡಿದ. ಪಕ್ಕದ ಮನೆಯವರ ಗಾಡಿಯಲ್ಲಿ ಅವಳನ್ನು ಆಸ್ಪತ್ರೆಗೆ ಒಯ್ದ.

ಚಿಕ್ಕ ವಯಸ್ಸಿನ ಡಾಕ್ಟರಮ್ಮ ಅಕ್ಕನಿಗೆ ಗದ್ದವನ್ನು ಎದೆಗೆ ತಾಗಿಸಲು ಹೇಳಿದರು. ಆಗಲಿಲ್ಲ. ತಾವೇ ಮೆಲ್ಲಗೆ ಬಗ್ಗಿಸಿದರು. ಕತ್ತು ಮರದ ತುಂಡಿನ ಹಾಗೆ ಸೆಟೆದಿತ್ತು.

"ನಮ್ಮಕ್ಕ ಯಾರ ಮುಂದೂ ಕತ್ತು ಬಗ್ಗಿಸಿದೋಳಲ್ಲ ಡಾಕ್ಟ್ರೇ" ಎಂದ ಇವನು.

"ಇದು ಜಂಬದ ಕತ್ತಲ್ಲ ಅಣ್ಣ, ಕಾಯಿಲೆ ಕತ್ತು. ಮಿದುಳಿನ ಸುತ್ತ ಒಂದು ಪೊರೆ ಇರುತ್ತೆ. ಅದಕ್ಕೆ ಟೀಬಿ ತಗುಲಿದೆ ಅಂತ ಅನುಮಾನ."

"ಟೀಬಿನಾ? ಕೆಮ್ಮೇ ಇಲ್ವಲ್ಲ! ಮಿದುಳು ಕೆಮ್ಮುತ್ತಾ?"

"ಕೆಮ್ಮಲ್ಲ. ಅದಕ್ಕೇ ಬೇಗ ಗೊತ್ತಾಗಲ್ಲ. ತಡ ಮಾಡಿದ್ರೆ ಅಕ್ಕ ಉಳಿಯೋದು ಕಷ್ಟ. ಉಳಿದ್ರೂ ಕಣ್ಣೋ ಕಿವಿಯೋ ಕೈಕಾಲೋ ಹೋಗ್ಬಹುದು."

ಮೊದಲು ತಲೆಯ ಸ್ಕ್ಯಾನ್ ಆಯಿತು. ಆಮೇಲೆ ಬೆನ್ನಿಗೆ ಸೂಜಿ ಹಾಕಿ ನೀರು ತೆಗೆಯಬೇಕು ಎಂದರು.

"ತಲೆನೋವಿಗೆ ಬೆನ್ನಿಗೆ ಸೂಜಿನಾ? ಕಾಲು ಬಿದ್ದುಹೋಗಲ್ವಾ?"

ಡಾಕ್ಟರಮ್ಮ ಅವನ ಜೇಬಿನ ಸ್ಪ್ಯಾನರ್ ನೋಡಿದರು. "ಬೆನ್ನಿನ ನರದ ಹುರಿ ಮೇಲೇ ಮುಗಿಯುತ್ತೆ, ಸೂಜಿ ಹಾಕೋದು ಅದಕ್ಕಿಂತ ಕೆಳಗೆ, ಕಾಲು ಬೀಳಲ್ಲ. ಮೇಲಿನ ಟ್ಯಾಂಕಿನ ನೀರು ಹೇಗಿದೆ ಅಂತ ನೋಡೋಕೆ ನೀವು ಟ್ಯಾಂಕ್ ಒಡೀತೀರಾ?"

"ಯಾಕೆ ಒಡೀಲಿ? ಕೆಳಗಿನ ನಲ್ಲಿ ತಿರುಗಿಸ್ತೀನಿ."

"ನಾನೂ ಅಷ್ಟೇ. ಮಿದುಳಿನ ಸುತ್ತ ಇರೋ ನೀರೇ ಬೆನ್ನಿಗೂ ಇಳಿಯುತ್ತೆ."

ಇಷ್ಟು ಸಲೀಸಾಗಿ ಅವನಿಗೆ ಯಾವ ಮೇಷ್ಟ್ರೂ ಪಾಠ ಹೇಳಿರಲಿಲ್ಲ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ.

ಅಕ್ಕನನ್ನು ಒಂದು ಮಗ್ಗುಲಿಗೆ ಮುದುರಿ ಮಲಗಿಸಿ, ಸೊಂಟದ ಹತ್ತಿರ ಸೂಜಿ ಹಾಕಿ, ಪುಟ್ಟ ಬಾಟಲಿಗಳಲ್ಲಿ ಹನಿ ಹನಿಯಾಗಿ ನೀರು ಹಿಡಿದರು. ಹೊರಗೆ ತಂದಾಗ ವಾಷರಣ್ಣ ಕಿಟಕಿಯ ಬೆಳಕಿನಲ್ಲಿ ಕಣ್ಣು ಕಿರಿದು ಮಾಡಿ ನೋಡಿದ. ನೀರು ನೋಡುವುದು ಅವನ ಕಸುಬು. ಒಂದು ಕಸವಿಲ್ಲ, ಕೆನೆಯಿಲ್ಲ.

"ತಿಳಿ! ಅಪ್ಪಟ ತಿಳಿನೀರು!" ಎಂದು ಕುಣಿದೇಬಿಟ್ಟ. ಒಳಗೆ ನುಗ್ಗಿ ಮಂಚದ ಕೆಳಗಿಂದ ಅಕ್ಕನ ಚಪ್ಪಲಿ ಎಳೆದ. "ಏಳಕ್ಕ, ಏನೂ ಆಗಿಲ್ಲ. ಮನೆಗೆ ಹೋಗೋಣ."

"ಚಪ್ಪಲಿ ಕೆಳಗಿಡಿ" ಎಂದರು ಡಾಕ್ಟರಮ್ಮ. "ಕೀವು ಮಾಡೋ ಕ್ರಿಮಿ ಆಗಿದ್ರೆ ನೀರು ಬಗ್ಗಡ ಆಗಿರೋದು. ಟೀಬಿ ಕಳ್ಳ. ಸಾಮಾನ್ಯವಾಗಿ ಬಗ್ಗಡ ಮಾಡಲ್ಲ. ಲ್ಯಾಬಿನವರು ನೋಡ್ಲಿ."

ಸಂಜೆಗೆ ಚೀಟಿ ಬಂತು. ನೀರಿನಲ್ಲಿ ಇರಬೇಕಾದ ಸಕ್ಕರೆ ಇಳಿದಿತ್ತು, ಪ್ರೋಟೀನ್ ಏರಿತ್ತು, ಬಿಳಿ ರಕ್ತಕಣಗಳು ದಂಡಿಯಾಗಿದ್ದವು.

"ಹಾಗಾದ್ರೆ ಟೀಬಿ ಅಂತ ಖಾತ್ರಿ ಆಯ್ತಾ?"

"ಪೂರ್ತಿ ಇಲ್ಲ. ಕ್ರಿಮಿ ಬೆಳೆಸಿ ನೋಡೋಕೆ ವಾರಗಟ್ಟಲೆ ಬೇಕು. ಕೆಲವು ಸಲ ಆಗ್ಲೂ ಸಿಕ್ಕಲ್ಲ. ಔಷಧಿ ಇವತ್ತೇ ಶುರು ಮಾಡ್ತೀನಿ."

"ಖಾತ್ರಿ ಆಗ್ದೇನೇ?"

"ಮನೆ ತುಂಬಾ ನೀರು ನುಗ್ತಿರುವಾಗ ಎಲ್ಲಿ ಸೋರ್ತಿದೆ ಅಂತ ಖಾತ್ರಿ ಆಗ್ಲಿ ಅಂತ ಕೂರ್ತೀರಾ?"

ವಾಷರಣ್ಣ ಚಪ್ಪಲಿಯನ್ನು ಮಂಚದ ಕೆಳಗೆ ಜೋಡಿಸಿಟ್ಟ. ಒಂದು ವರ್ಷ, ಒಂದು ದಿನವೂ ತಪ್ಪದೆ ಮಾತ್ರೆ ಎಂದಾಗ ತಲೆಯಾಡಿಸಿದ.

ಅಕ್ಕ ಹಗಲೆಲ್ಲ ಮಂಪರಿನಲ್ಲಿರುತ್ತಿದ್ದಳು. ಎಚ್ಚರಾದಾಗ ಇವನನ್ನು ಕಾಂಪೌಂಡರ್ ಅನ್ನುತ್ತಿದ್ದಳು. ಇವನು "ಹೂಂ ತಾಯಿ" ಎಂದು ಹಾಲು ಕುಡಿಸುತ್ತಿದ್ದ. ಅಕ್ಕ ಹೀಗೇ ಉಳಿದುಬಿಟ್ಟರೆ?

ಹನ್ನೆರಡನೆಯ ದಿನ ನರ್ಸಮ್ಮ ಅಕ್ಕನನ್ನು ಮೊದಲ ಸಲ ಮಂಚದಿಂದ ಇಳಿಸಿ, ಕೈಹಿಡಿದು ಕಕ್ಕಸಿಗೆ ಕರೆದೊಯ್ದು ಬಂದರು. ನೀರು ಹಾಕಲು ಒಳಗೆ ಹೋದ ವಾಷರಣ್ಣ ಬೆಚ್ಚಿಬಿದ್ದ. ಕಕ್ಕಸಿನ ಗುಂಡಿಯಲ್ಲಿ ಕಿತ್ತಳೆ ಬಣ್ಣದ ನೀರು!

"ತುಕ್ಕು! ಪೈಪೆಲ್ಲ ತುಕ್ಕು ಹಿಡಿದಿದೆ!"

ಓಡಿಹೋಗಿ ವಾಲ್ವ್ ಮುಚ್ಚಿದ. ಇಡೀ ವಾರ್ಡಿಗೆ ನೀರು ನಿಂತಿತು. ಮೊಣಕಾಲೂರಿ ಪೈಪ್ ಬಿಚ್ಚತೊಡಗಿದ.

"ಏ ದಡ್ಡ ಮುಂಡೇದೇ!"

ಬಾಗಿಲಲ್ಲಿ ಅಕ್ಕ, ಗೋಡೆ ಹಿಡಿದು ನಿಂತಿದ್ದಳು.

"ತುಕ್ಕು ಪೈಪಿಗಲ್ಲ, ನಿನ್ನ ತಲೆಗೆ! ಆ ಮಾತ್ರೆ ನುಂಗಿದ್ರೆ ಉಚ್ಚೆ ಆ ಬಣ್ಣ ಬರುತ್ತೆ ಅಂತ ನರ್ಸಮ್ಮ ಬೆಳಿಗ್ಗೆ ಹೇಳ್ಲಿಲ್ವಾ? ಎಲ್ಲಿಟ್ಟಿದ್ದೆ ಕಿವಿ?"

ಬೆಳಿಗ್ಗೆ ಹೇಳಿದ್ದು ಅವಳಿಗೆ ನೆನಪಿತ್ತು. ಬೈಯುತ್ತಿರುವುದು ಯಾರಿಗೆ ಎಂಬುದೂ ಗೊತ್ತಿತ್ತು. ವಾಷರಣ್ಣ ಒದ್ದೆ ನೆಲದ ಮೇಲೆ ಹಾಗೇ ಕೂತು ಗೊಳೋ ಎಂದು ಅಳತೊಡಗಿದ.

ಮೊಣಕೈವರೆಗೂ ಸೋಪಿನ ನೊರೆ ಮಾಡಿಕೊಂಡ ನರ್ಸಮ್ಮ ಅಕ್ಕನ ಹಿಂದಿನಿಂದ ಇಣುಕಿದರು.

"ಆಮೇಲೆ ಅಳಿ ಅಣ್ಣ! ಮೊದಲು ನೀರು ಬಿಡಿ!"